ತಿದ್ದುವ ಪ್ರಶ್ನೆ, ತಿದ್ದುವವರ ಅಧಿಕಾರ

ಒಂದು ವಾಕ್ಯವನ್ನು ಕೊಟ್ಟು, ಅದರ ಒಂದು ಭಾಗಕ್ಕೆ ಅಡಿಗೆರೆ ಎಳೆದು, ಆ ಭಾಗವನ್ನು ಐದು ಬಗೆಯಲ್ಲಿ ಬರೆದು ತೋರಿಸಿ, ಇವುಗಳಲ್ಲಿ ಸರಿಯಾದದ್ದು ಯಾವುದೆಂದು ಕೇಳುವ ಪ್ರಶ್ನೆಯು ಮ್ಯಾನೇಜ್‌ಮೆಂಟ್ ಶಿಕ್ಷಣದ ಪ್ರವೇಶಕ್ಕಾಗಿ ನಡೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಬಹಳ ಕಾಲ ‘ಸೆಂಟೆನ್ಸ್ ಕರೆಕ್ಷನ್’, ಅಂದರೆ ವಾಕ್ಯದ ತಿದ್ದುಪಡಿ, ಎಂಬ ಹೆಸರಿನಲ್ಲಿ ನಡೆದುಬಂದಿತು. ಐದರಲ್ಲಿ ಮೊದಲನೆಯದು ಯಾವಾಗಲೂ ಮೂಲದ ನಕಲೇ ಆಗಿರುತ್ತಿದ್ದುದರಿಂದ, ತಿದ್ದಬೇಕಾದ ತಪ್ಪೇ ಇಲ್ಲದಿರಬಹುದು ಎಂಬ ಸಂಶಯವನ್ನೂ ಪರೀಕ್ಷಾರ್ಥಿ ಜೊತೆಗಿಟ್ಟುಕೊಳ್ಳಬೇಕಿತ್ತು. ತಾನಾಗಿ ಒಂದು ವಾಕ್ಯವನ್ನೂ ಬರೆಯದೆ, ಬೇರೆಯವರು ಬರೆದದ್ದರ ದೋಷವನ್ನು ಗುರುತಿಸುವ ಈ ಕೆಲಸವು ಭಾಷಾಸಾಮರ್ಥ್ಯದ ಯಾವ ಅಂಶವನ್ನು ಅಳೆಯುತ್ತದೆ ಎಂಬುದು ವಿಚಾರಿಸಬೇಕಾದ ಸಂಗತಿ.

ಇಂಥ ಪ್ರಶ್ನೆಗಳಲ್ಲಿ ಎರಡು ಜಾತಿಯ ತಪ್ಪುಗಳು ಒಂದೇ ಮುಖವಾಡ ಹಾಕಿಕೊಂಡು ಬರುತ್ತವೆ. ಮೊದಲನೆಯದು ಅರ್ಥವನ್ನೇ ಕೆಡಿಸುವ ತಪ್ಪು. ‘ಫಾಲಿಂಗ್ ಫ್ರಮ್ ದ ಸ್ವಿಂಗ್, ಹರ್ ಟೂತ್ ಬ್ರೋಕ್’ ಎಂದು ಬರೆದರೆ ಜೋಕಾಲಿಯಿಂದ ಬಿದ್ದದ್ದು ಹುಡುಗಿಯಲ್ಲ, ಅವಳ ಹಲ್ಲು ಎಂದಾಗುತ್ತದೆ; ಏಕೆಂದರೆ ಇಂಗ್ಲಿಷಿನಲ್ಲಿ ಹೀಗೆ ವಾಕ್ಯದ ತಲೆಯಲ್ಲಿ ನಿಂತ ವಿಶೇಷಣಭಾಗವು ಅಲ್ಪವಿರಾಮದ ಆಚೆಗಿನ ಕರ್ತೃಪದಕ್ಕೇ ಅಂಟಿಕೊಳ್ಳುತ್ತದೆ. ಅಂಟಿಕೊಳ್ಳಲು ತಕ್ಕ ಪದ ಸಿಗದೆ ಜೋತಾಡುವ ಇಂಥ ಭಾಗಕ್ಕೆ ‘ಡ್ಯಾಂಗ್ಲಿಂಗ್ ಮಾಡಿಫೈಯರ್’ ಎಂಬ ಹೆಸರಿದೆ. ಕನ್ನಡವನ್ನು ತಾಯ್ನುಡಿಯಾಗಿ ಉಳ್ಳವರು ಇಲ್ಲಿ ಎಡವುವುದಕ್ಕೆ ಅಜ್ಞಾನವಲ್ಲದ ಕಾರಣವೊಂದಿದೆ. ‘ಮಗು ಬಿದ್ದು ಹಲ್ಲು ಮುರಿಯಿತು’, ‘ಮಳೆ ಬಂದು ಕೆರೆ ತುಂಬಿತು’ ಎಂಬ ವಾಕ್ಯಗಳಲ್ಲಿ ಮೊದಲ ಕ್ರಿಯೆಯ ಕರ್ತೃ ಒಂದು, ಎರಡನೆಯದರ ಕರ್ತೃ ಇನ್ನೊಂದು. ಆದರೂ ಕಾರಣ ಮತ್ತು ಕಾರ್ಯದ ನಂಟು ಎರಡನ್ನೂ ಹಿಡಿದಿಟ್ಟಿರುವುದರಿಂದ ಕನ್ನಡದ ಕಿವಿಗೆ ಅಲ್ಲೇನೂ ಕುಂದು ಕಾಣುವುದಿಲ್ಲ. ಸರ್ವನಾಮದ ವಿಷಯದಲ್ಲಿ ಇದೇ ಕನ್ನಡವು ಇಂಗ್ಲಿಷಿಗಿಂತ ಬಿಗಿಯಾದದ್ದು. ರಾಮು ಶಾಮುವಿಗೆ ‘ತಾನು’ ಸೋತದ್ದಾಗಿ ಹೇಳಿದ ಎಂದರೆ ಸೋತವನು ರಾಮುವೇ. ‘ಅವನು’ ಸೋತದ್ದಾಗಿ ಎಂದರೆ ಸಾಮಾನ್ಯವಾಗಿ ರಾಮು ಅಲ್ಲದ ಬೇರೊಬ್ಬ. ಇಂಗ್ಲಿಷಿನ ‘ಹಿ’ ಎರಡಕ್ಕೂ ಒದಗುವುದರಿಂದ ಅಲ್ಲಿ ಸರ್ವನಾಮದ ಗೊಂದಲವೇ ಪ್ರಶ್ನೆಯ ಸರಕಾಗುತ್ತದೆ. ಹೀಗೆ ಯಾರು ಏನು ಮಾಡಿದರು, ಯಾವ ಪದ ಯಾವುದಕ್ಕೆ ಸಲ್ಲುತ್ತದೆ ಎಂದು ಬಿಡಿಸಿ ನೋಡುವವರೆಗೆ ಈ ಪ್ರಶ್ನೆಯು ಓದುವ ಎಚ್ಚರವನ್ನು ಅಳೆಯುತ್ತದೆ, ಮತ್ತು ನ್ಯಾಯವಾಗಿಯೇ ಅಳೆಯುತ್ತದೆ.

ಎರಡನೆಯ ಜಾತಿಯ ತಪ್ಪು ಹಾಗಲ್ಲ. ಅದರಲ್ಲಿ ಅರ್ಥಕ್ಕೆ ಯಾವ ಹಾನಿಯೂ ಆಗಿರುವುದಿಲ್ಲ. ಯಾವುದೋ ಕೈಪಿಡಿಯ ನಿಯಮವೊಂದು ಮಾತ್ರ ಮುರಿದಿರುತ್ತದೆ. ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳು ಬರೆಯುವ ಪಿಎಸ್‌ಎಟಿ ಪರೀಕ್ಷೆಯ 2002ರ ಪ್ರಶ್ನೆಯೊಂದು ಇದಕ್ಕೆ ಒಳ್ಳೆಯ ಸಾಕ್ಷಿ. ಟೋನಿ ಮಾರಿಸನ್ನರ ಪ್ರತಿಭೆಯು ‘ಅವರಿಗೆ’ (‘ಹರ್’) ಕಾದಂಬರಿಗಳನ್ನು ರಚಿಸುವ ಶಕ್ತಿ ಕೊಡುತ್ತದೆ ಎಂಬ ಅರ್ಥದ ಆ ವಾಕ್ಯದಲ್ಲಿ ತಪ್ಪಿಲ್ಲ ಎಂಬುದೇ ಪರೀಕ್ಷಾ ಮಂಡಳಿಯ ಸರಿಯುತ್ತರವಾಗಿತ್ತು. ಮೇರಿಲ್ಯಾಂಡಿನ ಶಿಕ್ಷಕರೊಬ್ಬರು ಇದನ್ನು ಒಪ್ಪಲಿಲ್ಲ: ಸರ್ವನಾಮವು ನಾಮಪದವನ್ನು ಸೂಚಿಸಬೇಕು, ಆದರೆ ‘ಮಾರಿಸನ್ನರ’ ಎಂಬ ಷಷ್ಠೀರೂಪ ವಿಶೇಷಣದ ಕೆಲಸ ಮಾಡುತ್ತಿದೆ, ಆದ್ದರಿಂದ ‘ಹರ್’ ಎಂಬುದಕ್ಕೆ ನೆಲೆಯಿಲ್ಲ ಎಂದು ಅವರು ವಾದಿಸಿದರು. ಇಂಥ ನಿಯಮವನ್ನು ಹೇಳುವ ಕೈಪಿಡಿಗಳು ಇದ್ದದ್ದು ನಿಜ. ಒಳ್ಳೆಯ ಲೇಖಕರು ಅದನ್ನು ಲೆಕ್ಕಿಸದೆ ಬರೆಯುತ್ತ ಬಂದಿರುವುದೂ ಅಷ್ಟೇ ನಿಜ. ಮಂಡಳಿಯು 2003ರಲ್ಲಿ ಆ ಪ್ರಶ್ನೆಯನ್ನು ಕೈಬಿಟ್ಟು ಅಂಕಗಳನ್ನು ಮತ್ತೆ ಎಣಿಸಿತು. ಮಾರಿಸನ್ ನೊಬೆಲ್ ಪಡೆದ ಲೇಖಕಿ ಎಂಬುದು ಈ ಜಗಳಕ್ಕೆ ಒದಗಿದ ವಿನೋದ. ಅವರ ಬಗೆಗಿನ ವಾಕ್ಯವನ್ನು ತೂಗುವಾಗ ಅವರಂಥವರ ಬರವಣಿಗೆಯ ರೂಢಿ ತಕ್ಕಡಿಗೆ ಬರಲೇ ಇಲ್ಲ.

ಭಾರತದ ವ್ಯಾಕರಣ ಪರಂಪರೆ ನಿಯಮಕ್ಕೂ ಬಳಕೆಗೂ ನಡುವಿನ ಈ ಪ್ರಶ್ನೆಯನ್ನು ಲಕ್ಷ್ಯ ಮತ್ತು ಲಕ್ಷಣ ಎಂಬ ಎರಡು ಪದಗಳಲ್ಲಿ ವಿಚಾರಿಸಿದೆ. ಲಕ್ಷ್ಯವೆಂದರೆ ಬಳಕೆಯಲ್ಲಿರುವ ಮಾತು, ಲಕ್ಷಣವೆಂದರೆ ಅದನ್ನು ವಿವರಿಸುವ ಸೂತ್ರ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು ಕಟ್ಟುವಾಗ ಹಿಂದಿನ ಕವಿಗಳ ಪ್ರಯೋಗಗಳನ್ನೇ ಪ್ರಮಾಣವಾಗಿ ಹಿಡಿದ. ಅಂಥವನೂ ಬಳಕೆಯಿಂದ ಜಾರುತ್ತಿದ್ದ ೞಕಾರವುಳ್ಳ ಪದಗಳನ್ನು ಪಟ್ಟಿ ಮಾಡಿ ಉಳಿಸಲು ನೋಡಿದ. ಆ ಅಕ್ಷರ ಮುಂದೆ ಕನ್ನಡದ ರೂಢಿಯಿಂದಲೇ ಹೋಯಿತು. ಶಿಷ್ಟ ಪ್ರಯೋಗವೆಂದರೆ ಯಾರ ಪ್ರಯೋಗ, ಯಾವ ಕಾಲದ ಪ್ರಯೋಗ ಎಂಬ ತೊಡಕು ಅವನಿಗೂ ತಪ್ಪಿದ್ದಲ್ಲ. ಆದರೆ ಅವನು ಸೂತ್ರದ ಬೆನ್ನಿಗೆ ಉದಾಹರಣೆಯನ್ನು ಇಟ್ಟ, ಓದುಗನಿಗೆ ಅದನ್ನು ಪರಿಶೀಲಿಸುವ ದಾರಿಯಿತ್ತು. ಪರೀಕ್ಷೆಯ ಉತ್ತರಪಟ್ಟಿಯಾದರೋ ಸರಿಯಾದ ಆಯ್ಕೆಯ ಅಕ್ಷರವೊಂದನ್ನು ಮಾತ್ರ ಕೊಟ್ಟು ಸುಮ್ಮನಾಗುತ್ತದೆ.

ಇಂಥ ಪ್ರಶ್ನೆಗಳಿಗಾಗಿ ಅಭ್ಯಾಸ ಮಾಡುವವರು ನಿಯಮಗಳ ಪಟ್ಟಿಯನ್ನು ಬಾಯಿಪಾಠ ಮಾಡಿ, ಆಯ್ಕೆಗಳು ಎಲ್ಲೆಲ್ಲಿ ಭಿನ್ನವಾಗಿವೆ ಎಂದು ನೋಡಿ, ಒಂದೊಂದನ್ನೇ ಹೊಡೆದುಹಾಕುತ್ತ ಹೋಗುವುದು ರೂಢಿ. ಸಮಯದ ಒತ್ತಡದಲ್ಲಿ ಅದು ಫಲಕೊಡುತ್ತದೆ, ನಿಜ. ಆದರೆ ಕೊನೆಗೆ ಉಳಿದದ್ದು ಒಳ್ಳೆಯ ವಾಕ್ಯವಾಗಿರಲೇಬೇಕೆಂದಿಲ್ಲ. ಉಳಿದ ನಾಲ್ಕಕ್ಕಿಂತ ಕಡಿಮೆ ಕೆಟ್ಟದ್ದಾದರೆ ಸಾಕು. ವಾಕ್ಯ ಹೇಳಲು ಹೊರಟದ್ದೇನು ಎಂದು ಮೊದಲು ತಿಳಿದು, ಆಮೇಲೆ ಆಯ್ಕೆಗಳ ಕಡೆ ತಿರುಗುವವನು ನಿಧಾನಿಯೆನಿಸಬಹುದು. ಆದರೆ ವ್ಯಾಕರಣ ಶುದ್ಧವಾಗಿದ್ದೂ ಅರ್ಥವನ್ನು ಸದ್ದಿಲ್ಲದೆ ಬದಲಿಸಿಬಿಡುವ ಆಯ್ಕೆಯ ಬಲೆಗೆ ಅವನು ಬೀಳುವುದು ಕಡಿಮೆ.

2023ರ ನವೆಂಬರಿನಲ್ಲಿ ಆರಂಭವಾದ ಹೊಸ ಜಿಮ್ಯಾಟ್ ವಾಕ್ಯದ ತಿದ್ದುಪಡಿಯನ್ನು ಪೂರ್ತಿಯಾಗಿ ಬಿಟ್ಟು, ಭಾಷಾವಿಭಾಗದಲ್ಲಿ ಓದಿ ಗ್ರಹಿಸುವ ಮತ್ತು ತರ್ಕಿಸುವ ಪ್ರಶ್ನೆಗಳನ್ನಷ್ಟೇ ಇರಿಸಿಕೊಂಡಿದೆ. ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕಾಗಿ ಕಂಪ್ಯೂಟರಿನಲ್ಲಿ ನಡೆಯುವ ಎಸ್‌ಎಟಿ ಪರೀಕ್ಷೆ ಮಾತ್ರ ವ್ಯಾಕರಣವನ್ನು ಬಿಟ್ಟಿಲ್ಲ. ಅಲ್ಲಿ ಅಡಿಗೆರೆಯ ಬದಲು ಖಾಲಿ ಜಾಗವಿದೆ, ನಾಲ್ಕು ಆಯ್ಕೆಗಳಿವೆ. ಆ ಪ್ರಶ್ನೆಯು ಸರಿಯಾದದ್ದು ಯಾವುದು ಎಂದು ಕೇಳುವುದಿಲ್ಲ. ಪ್ರಮಾಣ ಇಂಗ್ಲಿಷಿನ ರೂಢಿಗೆ ಹೊಂದುವಂತೆ ಪಠ್ಯವನ್ನು ಪೂರ್ಣಗೊಳಿಸುವ ಆಯ್ಕೆ ಯಾವುದು ಎಂದು ಕೇಳುತ್ತದೆ.