ಛಲ ಎಷ್ಟು, ಲೆಕ್ಕ ಎಷ್ಟು?

1982ರ ಫೆಬ್ರವರಿ. ಹವಾಯಿಯ ಕೋನಾದಲ್ಲಿ ನಡೆಯುತ್ತಿದ್ದ, ಈಜು-ಸೈಕಲ್-ಓಟ ಮೂರೂ ಸೇರಿದ ಟ್ರಯಥ್ಲಾನ್ ಆದ ಐರನ್‌ಮ್ಯಾನ್ ಸ್ಪರ್ಧೆಯ ಮಹಿಳಾ ವಿಭಾಗದಲ್ಲಿ ಜೂಲಿ ಮಾಸ್ ಎಂಬ ಕಾಲೇಜು ವಿದ್ಯಾರ್ಥಿನಿ ಎಲ್ಲರಿಗಿಂತ ಮುಂದಿದ್ದರು. ಗುರಿಯ ಗೆರೆ ಇನ್ನೇನು ಕೂಗಳತೆಯಲ್ಲಿದೆ ಎನ್ನುವಾಗ ಕಾಲು ಕೈಕೊಟ್ಟವು. ಬಿದ್ದರು, ಎದ್ದರು, ಮತ್ತೆ ಬಿದ್ದರು. ಕೊನೆಗೆ ಅಂಗೈ ಊರಿ ತೆವಳುತ್ತಿದ್ದಾಗ ಕ್ಯಾಥ್ಲೀನ್ ಮೆಕಾರ್ಟ್ನಿ ಪಕ್ಕದಿಂದಲೇ ಓಡಿಹೋಗಿ ಗೆದ್ದುಬಿಟ್ಟರು. ಅಂತರ 29 ಸೆಕೆಂಡು. ಎಬಿಸಿ ವಾಹಿನಿ ಆ ದೃಶ್ಯವನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು. ಜನರ ನೆನಪಿನಲ್ಲಿ ಗೆದ್ದವರ ಹೆಸರಿಗಿಂತ ತೆವಳಿದವರ ಹೆಸರೇ ಗಟ್ಟಿಯಾಗಿ ಉಳಿಯಿತು.

ಅಂದಿನಿಂದ ಈ ಆಟಕ್ಕೆ ಒಂದು ಕಥೆ ಅಂಟಿಕೊಂಡಿದೆ: ದೇಹ ಸೋತರೂ ಮನಸ್ಸು ಸೋಲಬಾರದು, ಛಲವೊಂದಿದ್ದರೆ ಎಲ್ಲವೂ ಸಾಧ್ಯ. ಇಂದು ಬೆಂಗಳೂರಿನ ಟೆಕ್ ಪಾರ್ಕಿನಲ್ಲಿ ಮೂವತ್ತೈದು ದಾಟಿದ ಎಂಜಿನಿಯರೊಬ್ಬರು ಮೊದಲ ಬಾರಿಗೆ ಹಾಫ್ ಐರನ್‌ಮ್ಯಾನ್‌ಗೆ ಹೆಸರು ಕೊಡುವಾಗಲೂ ಹಿಂದೆ ನಿಂತು ನೂಕುವುದು ಇದೇ ಕಥೆ. ಆದರೆ ಕ್ಯಾಮೆರಾ ಹಿಡಿದದ್ದು ಕೊನೆಯ ಕೆಲವು ನಿಮಿಷಗಳನ್ನು ಮಾತ್ರ. ಅದಕ್ಕೂ ಮೊದಲು ಗಂಟೆಗಟ್ಟಲೆ ಆ ದೇಹಕ್ಕೆ ಎಷ್ಟು ನೀರು ಹೋಗಿತ್ತು, ಎಷ್ಟು ಆಹಾರ ಹೋಗಿತ್ತು ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಮೊದಲ ಸಲ ಈ ದೂರಕ್ಕೆ ಇಳಿಯುವವರಿಗೆ ಛಲ ಬೇಕಾಗುವುದು ಚೂರೇ ಚೂರು. ಉಳಿದದ್ದೆಲ್ಲ ಲೆಕ್ಕಾಚಾರ. ಅದು ಕೆಲವರಿಗೆ ಸಪ್ಪೆ ಎನಿಸಬಹುದು, ಆದರೂ ಅಂಕಿಗಳು ಹೇಳುವುದು ಅದನ್ನೇ.

ಹಾಫ್ ಐರನ್‌ಮ್ಯಾನ್‌ನ ದೂರ ಹೀಗಿದೆ: 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಒಟ್ಟು 113 ಕಿಲೋಮೀಟರ್, ಮೈಲಿಯಲ್ಲಿ 70.3. ಭಾರತದಲ್ಲಿ ಐರನ್‌ಮ್ಯಾನ್ ಹೆಸರಿನಡಿ ಇದು ಮೊದಲು ನಡೆದದ್ದು 2019ರ ಅಕ್ಟೋಬರಿನಲ್ಲಿ, ಗೋವಾದ ಮೀರಾಮಾರ್ ಕಡಲತೀರದಲ್ಲಿ. ಅದಕ್ಕೂ ಮೊದಲು ಶ್ರೀಲಂಕೆಗೋ ದುಬೈಗೋ ವಿಮಾನ ಹತ್ತಬೇಕಿದ್ದ ಕನ್ನಡಿಗರು ಈಗ ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಘಟ್ಟ ಇಳಿದರೆ ಸಾಕು.

ಈಗ ಗಡಿಯಾರ ನೋಡೋಣ. ಈಜಿಗೆ ಗರಿಷ್ಠ 1 ಗಂಟೆ 10 ನಿಮಿಷ, ಸೈಕಲ್ ಮುಗಿಯುವಷ್ಟರಲ್ಲಿ 5 ಗಂಟೆ 30 ನಿಮಿಷ, ಎಲ್ಲ ಸೇರಿ 8 ಗಂಟೆ 30 ನಿಮಿಷ. ಇದು ಈ ದೂರಕ್ಕೆ ಸಾಮಾನ್ಯವಾಗಿರುವ ಕಟ್‌ಆಫ್. ಒಬ್ಬರು 55 ನಿಮಿಷದಲ್ಲಿ ಈಜಿ, ಗಂಟೆಗೆ 25 ಕಿಲೋಮೀಟರಿನಂತೆ ಸೈಕಲ್ ತುಳಿದು, ಕಿಲೋಮೀಟರಿಗೆ 8 ನಿಮಿಷದಂತೆ ಓಡಿದರು ಎನ್ನಿ. ಬಟ್ಟೆ-ಬೂಟು ಬದಲಿಸಲು ಕಾಲು ಗಂಟೆ ಸೇರಿಸಿದರೂ ಏಳೂವರೆ ಗಂಟೆಯ ಆಚೀಚೆ ಮುಗಿಯುತ್ತದೆ. ಇವುಗಳಲ್ಲಿ ಯಾವ ವೇಗವೂ ಹೆದರಿಸುವಂಥದ್ದಲ್ಲ. ಕಿಲೋಮೀಟರಿಗೆ 8 ನಿಮಿಷ ಎಂದರೆ ಬೆಳಗಿನ ಲಾಲ್‌ಬಾಗಿನಲ್ಲಿ ನಿಧಾನಕ್ಕೆ ಜಾಗಿಂಗ್ ಮಾಡುವವರ ಗತಿ.

ಹಾಗಾದರೆ ಎಡವುವುದು ಎಲ್ಲಿ? ಅದೇ ವ್ಯಕ್ತಿ ಹುಮ್ಮಸ್ಸಿನಲ್ಲಿ ಸೈಕಲನ್ನು 28ರ ವೇಗದಲ್ಲಿ ತುಳಿದರೆಂದುಕೊಳ್ಳಿ. ಉಳಿಯುವುದು ಇಪ್ಪತ್ತಮೂರು ನಿಮಿಷ. ಆ ಖರ್ಚಿಗೆ ಕಾಲು ಸೋತು, ಓಟದಲ್ಲಿ ಹನ್ನೆರಡು ಕಿಲೋಮೀಟರ್ ನಡೆಯಬೇಕಾಗಿ ಬಂದರೆ ಕಿಲೋಮೀಟರಿಗೆ ಹೆಚ್ಚುವರಿ ಮೂರೂವರೆ ನಿಮಿಷದಂತೆ ನಲವತ್ತೆರಡು ನಿಮಿಷ ಕೈಬಿಟ್ಟಂತೆ. ಮೊದಲ ಸಲದವರ ಹಾಫ್ ಐರನ್‌ಮ್ಯಾನ್ ಕೆಡುವುದು ಬಹುಪಾಲು ಹೀಗೆಯೇ. ಶಕ್ತಿ ಸಾಲದೆ ಅಲ್ಲ, ಇದ್ದ ಶಕ್ತಿಯನ್ನು ತಪ್ಪು ಗಂಟೆಯಲ್ಲಿ ಸುರಿದುಬಿಟ್ಟು.

ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2022ರಲ್ಲಿ ಗೋವಾದಲ್ಲಿ ರಿಲೇ ತಂಡದಲ್ಲಿ ಸ್ಪರ್ಧಿಸಿದ್ದರು. 2024ರ ಅಕ್ಟೋಬರ್ 27ರಂದು ಒಬ್ಬರೇ ಪೂರ್ತಿ ದೂರ ಮುಗಿಸಿದರು. ತೆಗೆದುಕೊಂಡ ಸಮಯ 8 ಗಂಟೆ 27 ನಿಮಿಷ 32 ಸೆಕೆಂಡು. ಪತ್ರಿಕೆಗಳು ಛಲವನ್ನು ಹೊಗಳಿದವು, ತಪ್ಪೇನಿಲ್ಲ. ಲೆಕ್ಕದ ಕಣ್ಣಿಗೆ ಬೀಳುವುದು ಮಾತ್ರ ಬೇರೆ: ಉಳಿದಿದ್ದದ್ದು ಎರಡೂವರೆ ನಿಮಿಷ. ದಾರಿಯಲ್ಲಿ ಒಂದು ಪಂಕ್ಚರ್ ಆಗಿದ್ದರೆ ಅಷ್ಟೂ ತಿಂಗಳ ಬೆವರಿನ ಮುಂದೆ ‘ಮುಗಿಸಲಿಲ್ಲ’ ಎಂಬ ಷರಾ ಬೀಳುತ್ತಿತ್ತು. ಮರುವರ್ಷ ಅವರು ಎಂಟು ಗಂಟೆಯೊಳಗೇ ಮುಗಿಸಿದರು. ಮೊದಲ ಸಲದವರು ಕಲಿಯಬೇಕಾದದ್ದು ಈ ಎರಡನೇ ಅಂಕಿಯಿಂದ.

ಪಂಕ್ಚರ್ ಎಂದಾಗ ನೆನಪಾಯಿತು. ನಮ್ಮಲ್ಲಿ ಗಲ್ಲಿಗೊಂದು ಪಂಕ್ಚರ್ ಅಂಗಡಿ ಇರುವುದರಿಂದ ಲಕ್ಷ ರೂಪಾಯಿಯ ಸೈಕಲ್ ಇಟ್ಟುಕೊಂಡವರಿಗೂ ಟ್ಯೂಬ್ ಬದಲಿಸಿ ಗೊತ್ತಿರುವುದಿಲ್ಲ. ಸ್ಪರ್ಧೆಯಲ್ಲಿ ಹೊರಗಿನವರು ಕೈಹಾಕುವಂತಿಲ್ಲ. ಲಿವರ್ ಸಿಕ್ಕಿಸಿ ಟೈರಿನ ಒಂದು ಅಂಚನ್ನು ಎಬ್ಬಿಸಬೇಕು, ಹಳೆಯ ಟ್ಯೂಬ್ ಎಳೆಯಬೇಕು, ಹೊಸದಕ್ಕೆ ಆಕಾರ ಬರುವಷ್ಟು ಗಾಳಿ ತುಂಬಿ ಒಳಗೆ ಕೂರಿಸಬೇಕು. ಅದಕ್ಕೂ ಮೊದಲು ಟೈರಿನ ಒಳಮೈಯಲ್ಲಿ ಹುಷಾರಾಗಿ ಬೆರಳಾಡಿಸಿ ಮುಳ್ಳೋ ಗಾಜಿನ ಚೂರೋ ಉಳಿದಿದೆಯೇ ನೋಡಬೇಕು. ಇದನ್ನು ಮರೆತರೆ ಎರಡನೇ ಟ್ಯೂಬೂ ಹತ್ತು ನಿಮಿಷದಲ್ಲಿ ಠುಸ್. ಮನೆಯ ವರಾಂಡದಲ್ಲಿ ಕೂತು ಹಿಂದಿನ ಚಕ್ರವನ್ನು ನಾಲ್ಕಾರು ಸಲ ಬಿಚ್ಚಿ ಕಟ್ಟಿದರೆ ಅರ್ಧ ಗಂಟೆಯ ಕೆಲಸ ಎಂಟು ನಿಮಿಷಕ್ಕೆ ಇಳಿಯುತ್ತದೆ. ಯಾವ ಇಂಟರ್ವಲ್ ಓಟವೂ ಇಷ್ಟು ಅಗ್ಗಕ್ಕೆ ಇಪ್ಪತ್ತು ನಿಮಿಷ ಉಳಿಸಿಕೊಡುವುದಿಲ್ಲ.

ಛಲ ನಿಜವಾಗಿ ಅಪಾಯಕಾರಿಯಾಗುವುದು ನೀರಿನಲ್ಲಿ. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಸಂಭವಿಸಿದ ಸಾವು ಮತ್ತು ಹೃದಯಸ್ತಂಭನಗಳನ್ನು ಸಂಶೋಧಕರು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದರು. ಒಟ್ಟು 135 ಪ್ರಕರಣ, ಅದರಲ್ಲಿ 90 ಈಜಿನ ಹೊತ್ತಿನಲ್ಲಿ. ಹೆಚ್ಚಿನವರು ಗಂಡಸರು, ಸರಾಸರಿ ವಯಸ್ಸು ನಲವತ್ತೇಳರ ಹತ್ತಿರ. ಅಂದರೆ ನಡುವಯಸ್ಸಿನಲ್ಲಿ ‘ನನಗೂ ಆಗುತ್ತದೆ’ ಎಂದು ಹೊರಡುವವರ ವಯಸ್ಸೇ. ಹೆಸರು ಕೊಡುವ ಮೊದಲು ಹೃದಯ ತಪಾಸಣೆ ಮಾಡಿಸಿಕೊಳ್ಳಿ ಎಂದು ತರಬೇತುದಾರರು ಹೇಳುವುದು ಬಾಯಿಮಾತಿಗಲ್ಲ.

ಪೂಲ್ ಬೇರೆ, ಕಡಲು ಬೇರೆ. ಬಸವನಗುಡಿಯ ಪೂಲಿನಲ್ಲಿ ತಳದ ಕಪ್ಪು ಗೆರೆ ದಾರಿ ತೋರಿಸುತ್ತದೆ, ಐವತ್ತು ಮೀಟರಿಗೊಮ್ಮೆ ಗೋಡೆ ಸಿಗುತ್ತದೆ. ಕಡಲಲ್ಲಿ ಗೆರೆಯೂ ಇಲ್ಲ, ಗೋಡೆಯೂ ಇಲ್ಲ. ಮಗ್ಗುಲಿನವರ ಮೊಣಕೈ ಕನ್ನಡಕಕ್ಕೆ ಬಡಿಯುತ್ತದೆ, ಉಪ್ಪುನೀರು ಗಂಟಲಿಗೆ ಇಳಿಯುತ್ತದೆ, ತಲೆ ಎತ್ತಿ ನೋಡಿದರೆ ದಾರಿ ತೋರುವ ಬೋಯ್ ಎಲ್ಲೋ ಬಲಕ್ಕೆ ಸರಿದಿರುತ್ತದೆ. ಆಗ ಎದೆ ಡವಗುಟ್ಟುವುದು ಸಹಜ. ಬಹಳ ಜನರಿಗೆ ಗೊತ್ತಿಲ್ಲದ ನಿಯಮವೊಂದಿದೆ: ಕಾವಲಿಗಿರುವ ಕಾಯಕ್ ಹಿಡಿದು ಎಷ್ಟು ಹೊತ್ತು ಬೇಕಾದರೂ ಸುಧಾರಿಸಿಕೊಳ್ಳಬಹುದು. ಅದರ ಸಹಾಯದಿಂದ ಮುಂದೆ ಸಾಗುವಂತಿಲ್ಲ, ಅಷ್ಟೆ. ಫ್ರೀಸ್ಟೈಲೇ ಆಗಬೇಕೆಂಬ ಕಟ್ಟುಪಾಡೂ ಇಲ್ಲ. ಹಳ್ಳಿಯ ಬಾವಿಯಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು ತಲೆ ಮೇಲಿಟ್ಟು ಈಜುತ್ತಾರಲ್ಲ, ನಗರದ ಕೋಚ್‌ಗಳು ಮೊದಲು ಬಿಡಿಸುವುದೇ ಆ ಅಭ್ಯಾಸವನ್ನು. ಅಲೆಯ ನಡುವೆ ದಿಕ್ಕು ಹುಡುಕುವಾಗ ಮಾತ್ರ ಆ ಕಲಿಕೆ ಹತ್ತು ಸೆಕೆಂಡಿನ ಮಟ್ಟಿಗೆ ಉಪಕಾರಕ್ಕೆ ಬರುತ್ತದೆ. ಪೂಲಿನಲ್ಲಿ ಎರಡು ಕಿಲೋಮೀಟರ್ ಈಜಬಲ್ಲವರು ಸ್ಪರ್ಧೆಗೆ ಮುನ್ನ ಬಲ್ಲವರ ಜೊತೆ ಮೂರ್ನಾಲ್ಕು ಸಲವಾದರೂ ಸಮುದ್ರಕ್ಕೆ ಇಳಿದಿರಬೇಕು. ಮಂಗಳೂರು, ಉಡುಪಿಯವರಿಗೆ ಇದು ಮನೆಬಾಗಿಲು. ಬಯಲುಸೀಮೆಯವರು ಅದಕ್ಕೆಂದೇ ರಜೆ ಹಾಕಿ ಬಸ್ಸು ಹತ್ತಬೇಕು.

ತಯಾರಿಗೆ ಹದಿನಾರರಿಂದ ಇಪ್ಪತ್ತು ವಾರ, ವಾರಕ್ಕೆ ಎಂಟರಿಂದ ಹತ್ತು ಗಂಟೆ. ಓಟವೋ ಸೈಕಲೋ ಮೊದಲೇ ರೂಢಿಯಿದ್ದವರಿಗೆ ಇಷ್ಟು ಸಾಕು. ಈ ಗಂಟೆಗಳನ್ನು ಹೇಗೆ ಕಳೆಯಬೇಕು ಎಂಬಲ್ಲಿ ಛಲವಾದಿಗಳಿಗೆ ಮತ್ತೆ ನಿರಾಸೆ ಕಾದಿದೆ. ನಾರ್ವೆಯಲ್ಲಿ ನೆಲೆಸಿದ ವ್ಯಾಯಾಮ ವಿಜ್ಞಾನಿ ಸ್ಟೀಫನ್ ಸೈಲರ್ ಅಗ್ರಮಾನ್ಯ ದೋಣಿ ಹುಟ್ಟುಗಾರರು, ಸ್ಕೀ ಪಟುಗಳು, ಸೈಕಲ್ ಸವಾರರು ಅಭ್ಯಾಸ ಮಾಡುವ ಬಗೆಯನ್ನು ಗಮನಿಸಿದರು. ಐದರಲ್ಲಿ ನಾಲ್ಕು ಪಾಲು ಅಭ್ಯಾಸ ಆರಾಮದ ಗತಿಯಲ್ಲೇ ನಡೆಯುತ್ತದೆ ಎಂಬುದು ಅವರಿಗೆ ಕಂಡುಬಂತು. ಆರಾಮ ಎಂದರೆ ಓಡುತ್ತಲೇ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಹರಟಲು ಸಾಧ್ಯವಾಗುವಷ್ಟು. ಇದು ಕೇಳಲು ಸುಲಭ. ಕಬ್ಬನ್ ಪಾರ್ಕಿನಲ್ಲಿ ಹಿಂದಿನಿಂದ ಬಂದ ಅರವತ್ತರ ಹಿರಿಯರೊಬ್ಬರು ದಾಟಿ ಹೋಗುವಾಗ ಗತಿ ಏರಿಸದೆ ಸುಮ್ಮನಿರುವುದಕ್ಕೆ ಬೇರೆಯದೇ ಗುಂಡಿಗೆ ಬೇಕು, ಸಂಜೆ ಸ್ಟ್ರಾವಾ ಎಂಬ ಆ್ಯಪ್‌ನಲ್ಲಿ ಗೆಳೆಯರೆಲ್ಲ ಆ ನಿಧಾನವನ್ನು ನೋಡುತ್ತಾರೆ ಎಂದು ಗೊತ್ತಿರುವಾಗಲಂತೂ ಇನ್ನಷ್ಟು.

ಅವಸರಕ್ಕೆ ದಂಡ ತೆರುವುದು ಸ್ನಾಯುರಜ್ಜು, ಮೂಳೆ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಸ ಹೊರೆಗೆ ಹೊಂದಿಕೊಳ್ಳುತ್ತವೆ. ರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಸಲೀಸಾಯಿತೆಂದು ದೂರ ಹೆಚ್ಚಿಸಿದವರ ಹಿಮ್ಮಡಿ, ಮಂಡಿ, ಮೊಣಕಾಲ ಕೆಳಗಿನ ಎಲುಬು ನೋಯಲು ಶುರುವಾಗುವುದು ಈ ಎರಡರ ನಡುವಿನ ಅಂತರದಲ್ಲೇ.

ಬೆಂಗಳೂರಿನ ಸೈಕಲ್ ಸವಾರರಿಗೆ ನಂದಿಬೆಟ್ಟವೆಂದರೆ ಭಾನುವಾರದ ಯಾತ್ರೆ. ಬೆಟ್ಟ ಹತ್ತುವುದು ಒಳ್ಳೆಯದೇ, ತೊಡೆ ಗಟ್ಟಿಯಾಗುತ್ತದೆ. ಆದರೆ ಹತ್ತಿ ಏದುಸಿರು ಬಿಟ್ಟು, ಇಳಿಯುವಾಗ ಪೆಡಲ್ ನಿಲ್ಲಿಸಿ ಗಾಳಿ ತಿಂದು, ದೇವನಹಳ್ಳಿ ರಸ್ತೆಯಲ್ಲಿ ಇಡ್ಲಿ-ವಡೆಗೆ ಮುಕ್ಕಾಲು ಗಂಟೆ ಕೂತು ಬರುವ ಸವಾರಿ ಹಾಫ್ ಐರನ್‌ಮ್ಯಾನ್‌ನ ಸವಾರಿಯಲ್ಲ. ಅಲ್ಲಿ ಬೇಕಾದದ್ದು ಮೂರೂವರೆ ಗಂಟೆ ಒಂದೇ ಹದದಲ್ಲಿ, ಬೆನ್ನು ಬಗ್ಗಿಸಿ, ತುಳಿಯುತ್ತಲೇ ತಿಂದು ಕುಡಿದು, ಇಳಿದ ಕೂಡಲೇ ಓಡುವ ಅಭ್ಯಾಸ. ಸೈಕಲ್ ಗೋಡೆಗೆ ಒರಗಿಸಿ ಶೂ ಬದಲಿಸಿ ಇಪ್ಪತ್ತು ನಿಮಿಷ ಓಡುವ ಈ ಜೋಡಿ ಕಸರತ್ತಿಗೆ ಬ್ರಿಕ್ ಎಂದು ಹೆಸರು. ಮೊದಲ ಸಲ ಕಾಲು ಯಾರದೋ ಎನಿಸುತ್ತದೆ. ವಾರಕ್ಕೊಮ್ಮೆ ಮಾಡುತ್ತಾ ಹೋದರೆ ತಿಂಗಳಲ್ಲಿ ಒಗ್ಗುತ್ತದೆ.

ತಿನ್ನುವುದೂ ಅಭ್ಯಾಸದ ಭಾಗವೇ. ದೇಹದಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟದ್ದು ಸುಮಾರು ಎರಡು ಸಾವಿರ ಕ್ಯಾಲೊರಿ, ಏಳೆಂಟು ಗಂಟೆಯ ದುಡಿಮೆಗೆ ಅದು ಯಾವ ಮೂಲೆಗೂ ಸಾಲದು. ಗಂಟೆಗೆ ಅರವತ್ತು ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಒಂದು ಬಾಳೆಹಣ್ಣಿನಲ್ಲಿರುವುದು ಸುಮಾರು ಇಪ್ಪತ್ತೈದು ಗ್ರಾಂ. ಬರೀ ಹಣ್ಣನ್ನೇ ನಂಬಿದರೆ ಸೈಕಲ್ ಮೇಲೆಯೇ ಎಂಟೊಂಬತ್ತು ನುಂಗಬೇಕಾದೀತು! ಅದಕ್ಕೇ ಜೆಲ್, ಖರ್ಜೂರ, ಕಡಲೆ ಚಿಕ್ಕಿ, ಸಕ್ಕರೆ-ಉಪ್ಪು ಬೆರೆತ ನೀರು. ಯಾವುದು ಯಾರ ಹೊಟ್ಟೆಗೆ ಹಿಡಿಸುತ್ತದೆ ಎಂಬುದು ಭಾನುವಾರದ ಸವಾರಿಯಲ್ಲೇ ತಿಳಿಯಬೇಕೇ ಹೊರತು ಸ್ಪರ್ಧೆಯ ಹಿಂದಿನ ದಿನ ಎಕ್ಸ್‌ಪೋದಲ್ಲಿ ಹೊಸ ಪೊಟ್ಟಣ ಕೊಂಡಲ್ಲ. ಬರೀ ನೀರನ್ನೇ ಅತಿಯಾಗಿ ಕುಡಿದರೂ ಕೇಡು, ರಕ್ತದ ಸೋಡಿಯಂ ಇಳಿದು ಆಸ್ಪತ್ರೆ ಸೇರಿದ ಓಟಗಾರರಿದ್ದಾರೆ.

ತಿನ್ನುವ-ಕುಡಿಯುವ ಈ ಪಾಠ ಆಟದಷ್ಟೇ ಹಳೆಯದು. 1978ರಲ್ಲಿ ಹವಾಯಿಯ ಓವಾಹು ದ್ವೀಪದಲ್ಲಿ ನಡೆದ ಮೊಟ್ಟಮೊದಲ ಐರನ್‌ಮ್ಯಾನ್‌ಗೆ ಹೊರಟವರು ಹದಿನೈದು ಮಂದಿ, ಮುಗಿಸಿದವರು ಹನ್ನೆರಡು. ಓಟದ ಆರಂಭದಲ್ಲಿ ಮುಂದಿದ್ದ ಜಾನ್ ಡನ್‌ಬಾರ್ ನೌಕಾಪಡೆಯ ಸೀಲ್ ಕಮಾಂಡೊ ಆಗಿದ್ದವರು. ಛಲಕ್ಕೆ ಅವರಲ್ಲಿ ಬರವಿರಲಿಲ್ಲ. ಬರ ಬಂದದ್ದು ನೀರಿಗೆ. ಜೊತೆಗಿದ್ದವರ ಬಳಿ ನೀರು ಮುಗಿದು ಬಿಯರ್ ಕೊಟ್ಟರು. ಟ್ಯಾಕ್ಸಿ ಓಡಿಸಿ ಬದುಕುತ್ತಿದ್ದ ಗಾರ್ಡನ್ ಹಾಲರ್ ಎಂಬವರು ಡನ್‌ಬಾರ್ ಅವರನ್ನು ಹಿಂದಿಕ್ಕಿ 11 ಗಂಟೆ 46 ನಿಮಿಷದಲ್ಲಿ ಗೆದ್ದರು.

ಗೋವಾಕ್ಕೆ ಹೋಗುವ ಬೆಂಗಳೂರಿಗರಿಗೆ ಇನ್ನೊಂದು ಲೆಕ್ಕ ಬಾಕಿಯಿರುತ್ತದೆ: ಸೆಕೆ. ಒಂಬೈನೂರು ಮೀಟರ್ ಎತ್ತರದ ತಂಪಿನಲ್ಲಿ ಐದು ಗಂಟೆಗೆ ಎದ್ದು ಓಡಿದವರು ಅಲ್ಲಿ ನಡುಹಗಲಿನ ಬಿಸಿಲಲ್ಲಿ, ಬೆವರು ಆರದ ಹವೆಯಲ್ಲಿ ಓಡಬೇಕು. ದೇಹ ಸೆಕೆಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಕೊನೆಯ ವಾರಗಳ ಕೆಲವು ಓಟಗಳನ್ನು ಮಧ್ಯಾಹ್ನಕ್ಕೆ ಸರಿಸಿದರೆ ಅಷ್ಟರಮಟ್ಟಿಗೆ ಉಪಕಾರ.

ಇಷ್ಟೆಲ್ಲ ಅಳೆದು ಸುರಿದರೆ ಸಾಹಸದ ರುಚಿ ಏನು ಉಳಿಯಿತು ಎಂದು ಕೇಳುವವರಿದ್ದಾರೆ. ಉಳಿಯುತ್ತದೆ. ಓಟದ ಹದಿನೈದನೇ ಕಿಲೋಮೀಟರಿನ ನಂತರ ಎಂಥ ಲೆಕ್ಕವೂ ಕಾಲಿನ ನೋವನ್ನು ಅಳಿಸುವುದಿಲ್ಲ. ಛಲದ ಪಾಲು ಆ ಆರು ಕಿಲೋಮೀಟರ್. ಅಲ್ಲಿಗೆ ಅದನ್ನು ಉಳಿಸಿಕೊಂಡು ಬರುವುದೇ ಕಷ್ಟ.

ಆದರೆ ಯಾವ ತರಬೇತಿ ವೇಳಾಪಟ್ಟಿಯೂ ಬರೆಯದ ಲೆಕ್ಕವೊಂದಿದೆ. ವಾರದ ಆ ಹತ್ತು ಗಂಟೆ ಯಾರದು? ಗಂಡ ಭಾನುವಾರ ನಾಲ್ಕೂವರೆಗೆ ಸೈಕಲ್ ಏರಿ ಹತ್ತೂವರೆಗೆ ಬಂದು, ಉಂಡು ಮೂರರವರೆಗೆ ಮಲಗಿದರೆ, ಮಕ್ಕಳ ತಿಂಡಿ, ಸ್ನಾನ, ಹೋಂವರ್ಕು ತಾನಾಗಿ ನಡೆಯುವುದಿಲ್ಲ. ಹೆಂಡತಿಗೂ ಅದೇ ಆಸೆಯಿದ್ದರೆ? ಕತ್ತಲಿರುವಾಗಲೇ ಹೆದ್ದಾರಿಯಲ್ಲಿ ಒಬ್ಬಳೇ ಸೈಕಲ್ ತುಳಿಯುವ ಪ್ರಶ್ನೆಯೂ ಜೊತೆಗೆ ಬರುತ್ತದೆ. ಮೊದಲ ವರ್ಷ ಗಂಡಸರೇ ಇದ್ದ ಹವಾಯಿಯ ಸ್ಪರ್ಧೆಯನ್ನು ಎರಡನೇ ವರ್ಷವೇ ಲಿನ್ ಲೆಮೇರ್ ಎಂಬ ಮಹಿಳೆ ಒಟ್ಟು ಐದನೆಯವರಾಗಿ ಮುಗಿಸಿದರು. ಶಕ್ತಿಯ ಪ್ರಶ್ನೆ 1979ರಲ್ಲೇ ಇತ್ಯರ್ಥವಾಗಿದೆ, ಪುರುಸೊತ್ತಿನದು ಆಗಿಲ್ಲ. ಕೆಲವು ದಂಪತಿಗಳು ಈಗ ಇದನ್ನು ನೇರವಾಗಿಯೇ ಹಂಚಿಕೊಳ್ಳುತ್ತಾರೆ: ಈ ವರ್ಷ ನಿಮ್ಮದು, ಬರುವ ವರ್ಷ ನನ್ನದು. ಇಲ್ಲವೇ ಮನೆಯಲ್ಲೇ ಟ್ರೈನರ್ ಎಂಬ ಸ್ಟ್ಯಾಂಡಿನ ಮೇಲೆ ಸೈಕಲ್ ಕಟ್ಟಿ ಮಕ್ಕಳು ಮಲಗಿದ ಮೇಲೆ ತುಳಿಯುತ್ತಾರೆ. ಅದೂ ಹೊಂದದವರಿಗೆ ರಿಲೇ ಇದೆ. ಒಬ್ಬರು ಈಜಿ, ಇನ್ನೊಬ್ಬರು ಸೈಕಲ್ ತುಳಿದು, ಮತ್ತೊಬ್ಬರು ಓಡುತ್ತಾರೆ. ವಾರಕ್ಕೆ ನಾಲ್ಕೈದು ಗಂಟೆ ಹೊಂದಿಸಿಕೊಂಡರೆ ನಡೆಯುತ್ತದೆ. ಯಾವ ದಾರಿಯಾದರೂ ಸರಿ, ಸಾವಿರಾರು ರೂಪಾಯಿಯ ಪ್ರವೇಶ ಶುಲ್ಕ ಕಟ್ಟುವ ಮೊದಲು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮುಂದಿನ ಇಪ್ಪತ್ತು ಭಾನುವಾರಗಳನ್ನು ಇಬ್ಬರೂ ಕೂತು ನೋಡಿಕೊಂಡಿರುವುದು ಒಳ್ಳೆಯದು.