ನಮ್ಮ ಕಾಲೇಜಿನ ಹಸಿರಿಗೆ ಎಷ್ಟು ಅಂಕ?

ನ್ಯಾಕ್ ತಂಡ ಬರುತ್ತದೆ ಎಂದರೆ ಸಾಕು, ಕಾಲೇಜುಗಳಲ್ಲಿ ಮದುವೆ ಮನೆಯ ಸಡಗರ. ಗೋಡೆಗೆ ಹೊಸ ಬಣ್ಣ, ಕಾರಿಡಾರಿನಲ್ಲಿ ಹೂಕುಂಡ, ಹಸಿ ಕಸ ಒಣ ಕಸಕ್ಕೆ ಬೇರೆ ಬೇರೆ ಬುಟ್ಟಿ, ‘ಪ್ಲಾಸ್ಟಿಕ್ ಮುಕ್ತ ಆವರಣ’ ಎಂಬ ಫಲಕ. ಆ ಫಲಕವೇ ಫ್ಲೆಕ್ಸ್‌ನದ್ದಾಗಿರುತ್ತದೆ, ಅದು ಬೇರೆ ಮಾತು!

1994ರಲ್ಲಿ ಶುರುವಾದ, ಬೆಂಗಳೂರಿನಲ್ಲಿ ಕಚೇರಿ ಇರುವ ನ್ಯಾಕ್ ನಮ್ಮಂಥ ಕಾಲೇಜುಗಳನ್ನು ಏಳು ಮಾನದಂಡಗಳಲ್ಲಿ, ಒಟ್ಟು 1,000 ಅಂಕಗಳಿಗೆ ಅಳೆಯುತ್ತ ಬಂದಿದೆ. ಪರಿಸರ ಬರುವುದು ಏಳನೆಯದರಲ್ಲಿ. ಅದಕ್ಕಿರುವುದು 100 ಅಂಕ. ಅದರಲ್ಲೂ ಸೌರವಿದ್ಯುತ್, ಮಳೆನೀರು ಕೊಯ್ಲು, ಕಸ ವಿಲೇವಾರಿ, ಹಸಿರು ಆಡಿಟ್ ಎಲ್ಲ ಸೇರುವ ಭಾಗಕ್ಕೆ 50. ಈ 50 ಕೂಡ ಪೂರ್ತಿ ಪರಿಸರದ್ದಲ್ಲ, ಲಿಂಗ ಸಮಾನತೆಯಂಥ ವಿಷಯಗಳಿಗೂ ಅದರಲ್ಲಿ ಪಾಲಿದೆ.

ಅಂಕ ಕಡಿಮೆ ಎಂಬುದು ನನ್ನ ತಕರಾರಲ್ಲ. ಅಳೆಯುವ ರೀತಿಯ ಬಗ್ಗೆ ತಕರಾರಿದೆ. ಮಳೆಕೊಯ್ಲು ಇದೆಯೇ? ಇದ್ದರೆ ಜಿಯೋಟ್ಯಾಗ್ ಮಾಡಿದ ಫೋಟೊ ಕೊಡಿ. ಎಷ್ಟು ನೀರು ಇಂಗಿತು ಎಂಬುದಕ್ಕಿಂತ ಫೋಟೊಗೇ ಬೆಲೆ.

ಮಡಂತ್ಯಾರು ಸುತ್ತಮುತ್ತ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ. ಸಾವಿರ ಚದರ ಮೀಟರ್ ಚಾವಣಿ ಇರುವ ಕಟ್ಟಡದ ಮೇಲೆ ಬೀಳುವ ನೀರು 40 ಲಕ್ಷ ಲೀಟರ್. ಆದರೂ ಪತ್ತನಾಜೆಯ ಹೊತ್ತಿಗೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ನಮ್ಮ ಹಿರಿಯರು ಮದಕ ಉಳಿಸಿಕೊಂಡಿದ್ದರು, ತೋಡಿಗೆ ಕಟ್ಟ ಹಾಕುತ್ತಿದ್ದರು. ಅವರಿಗೆ ಯಾರೂ ಗ್ರೇಡ್ ಕೊಡಲಿಲ್ಲ. ಬೇಸಗೆಯಲ್ಲಿ ಬಾವಿಯ ನೀರು ಎಷ್ಟು ಮೊಳ ಉಳಿಯಿತು ಎಂಬುದೇ ಅವರ ಲೆಕ್ಕ.

ವಾಹನದ ವಿಷಯವೂ ಹೀಗೇ. ಆವರಣದೊಳಗೆ ವಾಹನ ಪ್ರವೇಶಕ್ಕೆ ನಿರ್ಬಂಧ ಇದ್ದರೆ ಅಂಕ ಉಂಟು. ಬೈಕುಗಳು ಗೇಟಿನ ಹೊರಗೆ, ಹೆದ್ದಾರಿಯ ಬದಿಯಲ್ಲಿ ಸಾಲಾಗಿ ನಿಂತರೆ ಕಾಲೇಜು ಹಸಿರಾಯಿತೇ? ಕ್ಲಾಸ್ ಬಿಡುವ ಹೊತ್ತಿಗೆ ಸರಿಯಾಗಿ ಬಸ್ಸಿದ್ದರೆ ಅರ್ಧ ಬೈಕು ಮನೆಯಲ್ಲೇ ಉಳಿಯುತ್ತಿತ್ತು.

ನ್ಯಾಕ್ ಇಲ್ಲದಿದ್ದರೆ ಎಷ್ಟೋ ಕಡೆ ಎಲ್‌ಇಡಿ ಬಲ್ಬಾಗಲೀ ಇಂಗುಗುಂಡಿಯಾಗಲೀ ಬರುತ್ತಲೇ ಇರಲಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ವಿದ್ಯಾರ್ಥಿಗಳಿಗೆ ಕಳಿಸುವ ಸಮೀಕ್ಷೆ ಪಾಠ, ಬೋಧನೆಯ ಸುತ್ತಲೇ ತಿರುಗುತ್ತದೆ. ಶೌಚಾಲಯದ ನಲ್ಲಿ ಸೋರುವುದು, ಕ್ಯಾಂಟೀನಿನ ಕಸವನ್ನು ಹಿಂದುಗಡೆ ಸುಡುವುದು ಮೊದಲು ಗೊತ್ತಾಗುವುದು ನಮಗೆ. ಕೇಳುವವರು ಯಾರು?

ಆಡಿಟ್ಟನ್ನು ಹೊರಗಿನವರಿಗೆ ದುಡ್ಡು ಕೊಟ್ಟು ಮಾಡಿಸುವಾಗ ಜತೆಗೆ ನಮ್ಮನ್ನೂ ಸೇರಿಸಿಕೊಳ್ಳಲಿ. ಬಿ.ಎಸ್ಸಿ.ಯವರು ನೀರು ಪರೀಕ್ಷಿಸಲಿ, ಬಿ.ಕಾಂ.ನವರು ಕರೆಂಟ್ ಬಿಲ್ಲಿನ ಲೆಕ್ಕ ಇಡಲಿ. ಇದು ಬರೀ ಸೇವೆಯಲ್ಲ. ಷೇರುಪೇಟೆಯ ಅಗ್ರ 1,000 ಕಂಪನಿಗಳು ಇಂಧನ, ನೀರು, ತ್ಯಾಜ್ಯದ ಲೆಕ್ಕ ಕೊಡಬೇಕೆಂದು ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಆ ಲೆಕ್ಕ ಬರೆಯುವವರು ಬೇಕಲ್ಲವೇ? ಕೆಲಸ ಹುಡುಕುವ ನಮಗೆ ಸಸಿ ನೆಟ್ಟ ಸರ್ಟಿಫಿಕೇಟಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಗ್ರೇಡ್ ಬದಲು ಮಾನ್ಯತೆ ‘ಇದೆ’ ಅಥವಾ ‘ಇಲ್ಲ’ ಎನ್ನುವ ಪದ್ಧತಿ ತರುವುದಾಗಿ ನ್ಯಾಕ್ 2024ರಲ್ಲಿ ಹೇಳಿದೆ. ಯಾವ ಪದ್ಧತಿ ಬಂದರೂ ತಿಂಗಳ ಕರೆಂಟ್ ಬಿಲ್ಲು, ಬಾವಿಯ ಮಟ್ಟ ಎರಡನ್ನೂ ನೋಟಿಸ್ ಬೋರ್ಡಿಗೆ ಹಾಕಲು ಯಾರ ಅನುಮತಿಯೂ ಬೇಡ. ಎನ್ನೆಸ್ಸೆಸ್ ಘಟಕ ಈ ಜೂನ್‌ನಲ್ಲಿ ಒಂದು ಮಳೆಮಾಪಕ, ಒಂದು ನೋಟ್‌ಬುಕ್ ಇಟ್ಟುಕೊಂಡು ಶುರು ಮಾಡಿದರೆ ಮುಂದಿನ ಮೇ ಹೊತ್ತಿಗೆ ಮೊದಲ ವರ್ಷದ ಲೆಕ್ಕ ಕೈಯಲ್ಲಿರುತ್ತದೆ.