ಅಂಗಳದ ಹುಲ್ಲಿಗೂ ನೀರಿನ ಲೆಕ್ಕ ಹಚ್ಚಿರಿ



ನಮ್ಮ ಮನ್ನಾಏಖೇಳ್ಳಿ ಮೇಲೆ ಹಾಯ್ದು ಹೋಗುವ ಹೈದ್ರಾಬಾದ್–ಸೋಲಾಪುರ ಹೆದ್ದಾರಿ ನಿಮಗೆಲ್ಲ ಗೊತ್ತೇ ಅದ. ನಮ್ಮ ತೊಗರಿ, ಸೋಯಾ, ಕಡಲೆ, ತರಕಾರಿ ಈ ದಾರಿಯಲ್ಲೇ ಹೋಗುತ್ತವೆ. ದುಡಿಯುವ ಹುಡುಗರೂ ಇದೇ ದಾರಿ ಹಿಡಿದು ಹೋಗುತ್ತಾರೆ. ತಿರುಗಿ ಬರುವುದು ಗೊಬ್ಬರದ ಚೀಲ, ಔಷಧದ ಡಬ್ಬಿ, ಬೋರ್ ಕೊರೆಯುವ ಲಾರಿ.

ನಮ್ಮ ಅಕ್ಕನ ಮಗನೂ ಹಾಗೆ ಹೋದವನು. ಮೂರು ಎಕರೆ ಖುಷ್ಕಿ ಜಮೀನು, ಒಂದು ಬತ್ತಿದ ಬೋರು, ಅದರ ಸಾಲ. ಎರಡು ವರ್ಷ ಒದ್ದಾಡಿ, ಹೊಲವನ್ನು ಪಾಲಿಗೆ ಹಾಕಿ, ಹೈದ್ರಾಬಾದಿನ ಹೊರವಲಯದಲ್ಲಿ ಒಬ್ಬ ಸಾಹುಕಾರರ ತೋಟದ ಮನೆಯಲ್ಲಿ ಮಾಲಿ ಕೆಲಸಕ್ಕೆ ಸೇರಿದ. ಬೇಸಿಗೆಯಲ್ಲಿ ಅವನನ್ನು ನೋಡಿಕೊಂಡು ಬರಲು ನಾನು ಹೋಗಿದ್ದೆ. ಅಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಇಡದಿದ್ದರೆ ನನಗೆ ಅನ್ನ ಸೇರುವುದಿಲ್ಲ.

ಮನೆಯ ಮುಂದೆ ಹತ್ತು ಗುಂಟೆ ಹುಲ್ಲು. ದನ ತಿನ್ನುವ ಹುಲ್ಲಲ್ಲ, ಬರೀ ಕಣ್ಣಿಗೆ ಹಸಿರಾಗಿ ಕಾಣಲೆಂದು ಬೆಳೆಸಿದ ಲಾನ್. ಅದರ ಮೇಲೆ ಒಂದು ಮೊಳ ಉದ್ದದ ಕಬ್ಬಿಣದ ಟ್ರ್ಯಾಕ್ಟರ್ ತನ್ನಷ್ಟಕ್ಕೆ ತಾನೇ ತೆವಳುತ್ತಿತ್ತು. ಹಿಂದೆ ಎರಡು ದೊಡ್ಡ ಗಾಲಿ, ಮುಂದೆ ಒಂದು ಚಿಕ್ಕದು, ಮೈಗೆಲ್ಲ ಹಸಿರು ಬಣ್ಣ, ನೆತ್ತಿಯ ಮೇಲೆ ಗರಗರ ತಿರುಗುವ ಎರಡು ತೋಳು. ತೋಳಿನ ತುದಿಯಿಂದ ನೀರು ಚಿಮ್ಮುತ್ತಿತ್ತು. ಡ್ರೈವರ್ ಇಲ್ಲ, ಡೀಸೆಲ್ ಇಲ್ಲ.

"ಮಾವಾ, ಇದು ನಡೆಯೋ ಸ್ಪಿಂಕ್ಲರ್. ಪೈಪ್ ಹ್ಯಾಂಗ ಹಾಸ್ತೀವೋ ಹಂಗ ಹೋಗ್ತದ" ಎಂದ ಹುಡುಗ.

ಕೂತು ನೋಡಿದೆ. ಯಂತ್ರ ಕಂಡರೆ ಬಿಡುವ ಜಾತಿಯಲ್ಲ ನಾನು. ಪೈಪಿನಿಂದ ಒತ್ತಡದ ನೀರು ಬಂದು ತೋಳುಗಳನ್ನು ತಿರುಗಿಸುತ್ತದೆ. ತೋಳು ತಿರುಗಿದಂತೆ ಕೆಳಗಿನ ಹಲ್ಲಿನ ಚಕ್ರ ತಿರುಗಿ ಹಿಂದಿನ ಗಾಲಿಯನ್ನು ನೂಕುತ್ತದೆ. ನೆಲದ ಮೇಲೆ ಹಾಸಿದ ರಬ್ಬರ್ ಪೈಪೇ ಅದಕ್ಕೆ ರೈಲಿನ ಹಳಿ; ಮುಂದಿನ ಗಾಲಿ ಅದರ ಮೇಲೆಯೇ ಉರುಳುತ್ತದೆ. ಕೊನೆಯಲ್ಲಿ ಒಂದು ಅಡ್ಡತಡೆ ಇಟ್ಟಿರುತ್ತಾರೆ. ಅದರ ಮೇಲೆ ಹತ್ತಿದ ಕೂಡಲೇ ನೀರು ತಾನೇ ಬಂದ್. ಮಾಡಿದವನ ತಲೆಗೆ ಕೈ ಮುಗಿಯಬೇಕು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ಬಂದದ್ದು ಆಮೇಲೆ. ಮನೆಯ ಯಜಮಾನರು ಹೊರಗೆ ಬಂದರು. ಒಳ್ಳೆಯ ಮನುಷ್ಯರೇ, ಚಹಾ ಕೊಡಿಸಿದರು. ನಾನು ಬೀದರ್ ಜಿಲ್ಲೆಯ ರೈತ ಎಂದು ಗೊತ್ತಾದ ಮೇಲೆ ಹಿಂದಿಯಲ್ಲಿ ಹೇಳಿದರು: "ಪಟೇಲ್, ನಿಮ್ಮವರು ಬಿಟ್ಟಿ ಕರೆಂಟ್ ಅಂತ ನೀರು ಪೋಲು ಮಾಡ್ತೀರಿ. ಇದನ್ನ ನೋಡಿ ಕಲೀರಿ. ಒಂದು ಹನಿ ಹಾಳಾಗೋದಿಲ್ಲ."

ಒಂದು ಹನಿ ಹಾಳಾಗುವುದಿಲ್ಲವಂತೆ! ಹುಡುಗನಿಗೆ ಹದಿನೈದು ಲೀಟರಿನ ಬಕೀಟು ತರಲು ಹೇಳಿದೆ. ಪೈಪು ಬಿಚ್ಚಿ ಹಿಡಿದೆವು. ಒಂದು ನಿಮಿಷಕ್ಕೆ ಬಕೀಟು ತುಂಬಿತು. ಗಂಟೆಗೆ 900 ಲೀಟರ್. ದಿನಕ್ಕೆ ನಾಲ್ಕು ಗಂಟೆ ನಡೆಸುತ್ತಾರೆ, 3,600 ಲೀಟರ್. ವಾರಕ್ಕೆ 25,200. ಮಳೆಗಾಲದ ನಾಲ್ಕು ತಿಂಗಳು ಬಿಟ್ಟುಬಿಡಿ. ಉಳಿದ 35 ವಾರಕ್ಕೆ ಸುಮಾರು 8 ಲಕ್ಷ 82 ಸಾವಿರ ಲೀಟರ್.

ಈಗ ನಮ್ಮ ಕಡೆಯ ಲೆಕ್ಕಕ್ಕೆ ಬರ್ರಿ. ಒಂದು ಎಕರೆ ಮೇಲೆ ಒಂದು ಇಂಚು ನೀರು ನಿಲ್ಲಿಸಿದರೆ 1 ಲಕ್ಷ 2 ಸಾವಿರದ 800 ಲೀಟರ್ ಆಗುತ್ತದೆ. ಕಪ್ಪು ನೆಲದ ಕಡಲೆಗೆ ಹೂ ಬಿಡುವ ಮುಂಚೆ ಒಂದು ಸಲ ಎರಡಿಂಚು ನೀರು ಸಿಕ್ಕರೆ ಅದರ ಕತೆಯೇ ಬೇರೆ. ನನ್ನ ಹೊಲದಲ್ಲಿ ನೀರು ಕೊಟ್ಟ ಪಟ್ಟಿಗೂ ಕೊಡದ ಪಟ್ಟಿಗೂ ಎಕರೆಗೆ ಎರಡು ಕ್ವಿಂಟಲ್ ಫರಕು ಬಂದದ್ದುಂಟು. ಆ ಹತ್ತು ಗುಂಟೆ ಹುಲ್ಲು ಕುಡಿದ ನೀರಿನಲ್ಲಿ ನಾಲ್ಕು ಎಕರೆಗೂ ಮಿಕ್ಕಿ ಕಡಲೆಗೆ ಎರಡಿಂಚು ಕೊಡಬಹುದಿತ್ತು. ಎಂಟು ಕ್ವಿಂಟಲ್ ಕಡಲೆ. 2026-27ರ ಮಾರಾಟ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 5,875 ರೂಪಾಯಿ. ಎಂಟು ಕ್ವಿಂಟಲಿಗೆ 47,000 ರೂಪಾಯಿ. ಗಂಜಿನಲ್ಲಿ ಆ ಬೆಲೆ ಸಿಗುತ್ತದೋ ಇಲ್ಲವೋ ಎಂಬುದು ಇನ್ನೊಂದು ರಾಮಾಯಣ, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಆ ಹುಲ್ಲಿನಿಂದ ಏನು ಬಂತು? ವಾರಕ್ಕೊಮ್ಮೆ ಕತ್ತರಿಸಿ ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕುತ್ತಾರೆ. "ಎಮ್ಮಿಗಾದ್ರೂ ಹಾಕಬಾರದೇನೋ?" ಎಂದು ಕೇಳಿದೆ. "ಬ್ಯಾಡ ಮಾವಾ, ಔಷಧ ಹೊಡೆದಾರ" ಎಂದ. 2023ರಲ್ಲಿ ನಮ್ಮ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. ಒಂದು ಹೊರೆ ಮೇವಿಗೆ ಜನ ಎಷ್ಟು ಅಲೆದರು, ನೆನಪಿಲ್ಲವೇ?

ಬಂಧುಗಳೇ, ನಮ್ಮ ಹೊಲದಲ್ಲೂ ಸ್ಪಿಂಕ್ಲರ್ ಅದ. ಅದು ಹೇಗೆ ನಡೆಯುತ್ತದೆ ಎಂಬುದನ್ನು ಪೇಟೆಯವರಿಗೆ ಯಾರಾದರೂ ಹೇಳಬೇಕು. ಪಹಣಿ, ಆಧಾರ್, ಫೋಟೋ, ನೀರಿನ ಮೂಲದ ದೃಢೀಕರಣ ಎಲ್ಲ ಹಿಡಿದುಕೊಂಡು ರೈತ ಸಂಪರ್ಕ ಕೇಂದ್ರದ ಮುಂದೆ ಸರತಿ ನಿಲ್ಲಬೇಕು. ಎರಡು ಹೆಕ್ಟೇರ್ ತನಕ ಶೇಕಡಾ 90 ಸಹಾಯಧನ ಎನ್ನುತ್ತಾರೆ, ಸುಳ್ಳಲ್ಲ, ನಾನೂ ಪಡೆದಿದ್ದೇನೆ. ಒಂದು ಸೆಟ್ಟೆಂದರೆ ಮೂವತ್ತು ಪೈಪು, ಐದು ನೋಜಲ್. ಒಮ್ಮೆ ತಗೊಂಡರೆ ಏಳು ವರ್ಷ ಮತ್ತೆ ಕೇಳುವ ಹಾಗಿಲ್ಲ. ಪೈಪು ಬಿಸಿಲಿಗೆ ಸೀಳಿದರೆ ಅದು ನಿನ್ನ ಹಣೆಬರಹ.

ಅದಕ್ಕೆ ಗಾಲಿ ಇಲ್ಲ. ನಾವೇ ಗಾಲಿ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಂದರೆ ಹನ್ನೊಂದಕ್ಕೆ ಮೋಟಾರ್ ಚಾಲೂ. ಮೂರು ತಾಸಿಗೊಮ್ಮೆ ಲೈನ್ ಬದಲಿಸಬೇಕು. ಮೋಟಾರ್ ಬಂದ್ ಮಾಡಿ, ಕೆಸರಿನಲ್ಲಿ ಮೊಣಕಾಲು ತನಕ ಇಳಿದು, ಕ್ಲಿಪ್ ಬಿಚ್ಚಿ, ನೀರು ತುಂಬಿದ ಪೈಪನ್ನು ಹೆಗಲ ಮೇಲೆ ಹೊತ್ತು ಹನ್ನೆರಡು ಹೆಜ್ಜೆ ಆಚೆ ಇಟ್ಟು ಮತ್ತೆ ಜೋಡಿಸಬೇಕು. ಡಿಸೆಂಬರಿನ ಚಳಿ. ಬ್ಯಾಟರಿ ಹಿಡಿಯಲು ಹೆಂಡತಿ, ಪೈಪಿನ ಇನ್ನೊಂದು ತುದಿ ಹಿಡಿಯಲು ಕಾಲೇಜಿಗೆ ಹೋಗುವ ಮಗ. ಕಡಲೆ ಹೊಲದಲ್ಲಿ ಹಾವು ಇರುತ್ತದೆ, ಹಂದಿ ಇರುತ್ತದೆ. ಹಾಗೆ ಎಕರೆ ಮುಗಿಯುವುದರೊಳಗೆ ಕರೆಂಟ್ ಹೋದರೆ ನಾಳೆ ರಾತ್ರಿ ಮತ್ತೆ ಅದೇ ಪಾಡು. ಇಷ್ಟು ಮಾಡುವವನಿಗೆ ಕೊಟ್ಟ ಹೆಸರು ಪೋಲುಗಾರ. ಗಾಲಿ ಯಂತ್ರವನ್ನು ಹುಲ್ಲಿನ ಮೇಲೆ ಬಿಟ್ಟು ಒಳಗೆ ಹೋಗಿ ಮಲಗುವವನು ನೀರು ಉಳಿಸುವವನು!

ಬಿಟ್ಟಿ ಕರೆಂಟಿನ ಮಾತು ಬಂತಲ್ಲ. 10 ಅಶ್ವಶಕ್ತಿ ತನಕದ ಪಂಪ್‌ಸೆಟ್ಟಿಗೆ 2008ರಿಂದ ನಮ್ಮ ರಾಜ್ಯದಲ್ಲಿ ವಿದ್ಯುತ್ ಉಚಿತ, ಹೌದು. ಆದರೆ ನೀರು ಉಚಿತವೇ? ನನ್ನ ಮೊದಲ ಬೋರು 280 ಅಡಿ, ನಾಲ್ಕು ವರ್ಷಕ್ಕೆ ಬತ್ತಿತು. ಎರಡನೆಯದು 450 ಅಡಿ, ಒಂದೂವರೆ ಇಂಚು ನೀರು. ಕೇಸಿಂಗು, ಮೋಟಾರು, ಪೈಪು, ಕೇಬಲ್ಲು ಸೇರಿ ಎರಡೂವರೆ ಲಕ್ಷ ದಾಟಿತು. ಹೆಂಡತಿಯ ಬಂಗಾರ ಇನ್ನೂ ಬ್ಯಾಂಕಿನ ಕಪಾಟಿನಲ್ಲೇ ಅದ. ಸತ್ತ ಬೋರಿಗೂ ಬಡ್ಡಿ ನಡೆಯುತ್ತದೆ. ಬೆಂಬಲ ಬೆಲೆ ಕಟ್ಟುವಾಗ ಕೈಯಿಂದ ಹಾಕಿದ ಖರ್ಚು ಮತ್ತು ಮನೆಯವರ ದುಡಿಮೆ ಇವೆರಡರ ಒಂದೂವರೆ ಪಟ್ಟು ಎಂದು ಲೆಕ್ಕ ಹಾಕುತ್ತಾರೆ. ಸ್ವಂತ ಭೂಮಿಯ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿ ಇವುಗಳ ಮೇಲೆ ಆ ಒಂದೂವರೆ ಪಟ್ಟು ಇಲ್ಲ. ಬತ್ತಿ ಹೋದ 280 ಅಡಿಯ ಬೋರು ಯಾವ ಪುಸ್ತಕದ ಯಾವ ಪುಟದಲ್ಲಿ ಬರುತ್ತದೆ, ಯಾರಾದರೂ ಹೇಳಿರಿ. ನಮ್ಮ ಸಾಲದ ಅರ್ಧ ನೀರಿನ ಸಾಲ. ಆ ನೀರನ್ನು ಕಡಲೆಯ ಹೊಟ್ಟೆಯಲ್ಲಿ ತುಂಬಿ ಕಡಿಮೆ ದರಕ್ಕೆ ಪೇಟೆಗೆ ಕಳಿಸುತ್ತೇವೆ. ನೀರೆಲ್ಲ ಒಕ್ಕಲುತನಕ್ಕೇ ಹೋಗುತ್ತದೆ ಎಂದು ಬೆರಳು ತೋರಿಸುವವರು ತಮ್ಮ ತಟ್ಟೆಯ ಮೇಲಿನ ಬೇಳೆಯನ್ನೂ ಅದೇ ಲೆಕ್ಕದಲ್ಲಿ ಬರೆದುಕೊಳ್ಳಲಿ.

"ನನ್ನ ದುಡ್ಡು, ನನ್ನ ಬೋರು, ನಿನಗೇನು?" ಎಂದು ಆ ಯಜಮಾನರು ಕೇಳಬಹುದು. ಬಾಯಿಬಿಟ್ಟು ಕೇಳಲಿಲ್ಲ, ಆದರೆ ಮುಖದಲ್ಲಿ ಇತ್ತು. ನೆಲದ ಕೆಳಗೆ ಯಾರೂ ಬದು ಹಾಕಿಲ್ಲ. ಅವರ ಬೋರು ಎಳೆದರೆ ಪಕ್ಕದ ಹಳ್ಳಿಯ ಬಾವಿ ಇಳಿಯುತ್ತದೆ. ಅಷ್ಟೇ ಅಲ್ಲ, ಬೋರು ಸಾಲದಿದ್ದಾಗ ನಳದ ನೀರನ್ನೂ ಬಿಡುತ್ತಾರೆ ಎಂದು ಹುಡುಗನೇ ಹೇಳಿದ. ನಳದ ನೀರು ಎಲ್ಲಿಂದ ಬರುತ್ತದೆ? ಹೈದ್ರಾಬಾದಿಗೆ ಕುಡಿಯುವ ನೀರು ಹೋಗುವ ಹಲವು ದಾರಿಗಳಲ್ಲಿ ಮಾಂಜ್ರಾ ಒಂದು. ನಮ್ಮ ಬೀದರ್ ಜಿಲ್ಲೆಯನ್ನು ಹಾಯ್ದು ಹೋದ ನದಿಯೇ ಅಲ್ಲಿ ಸಿಂಗೂರಿನಲ್ಲಿ ನಿಂತು ಪೈಪಿಗೆ ಇಳಿಯುತ್ತದೆ. ಕುಡಿಯಲಿಕ್ಕೆ ಹೋಗಲಿ, ನಮ್ಮ ತಕರಾರಿಲ್ಲ. ಅಲ್ಲಿರುವವರೂ ನಮ್ಮ ಮಕ್ಕಳೇ. ಶುದ್ಧ ಮಾಡಿದ ಕುಡಿಯುವ ನೀರನ್ನು ಬೇಸಿಗೆಯ ಹನ್ನೊಂದು ಗಂಟೆ ಬಿಸಿಲಲ್ಲಿ ಗಾಳಿಗೆ ತೂರುವುದಕ್ಕೆ ತಕರಾರು. ನಮ್ಮ ಬೀದರಿನ ನೌಬಾದ್ ಹತ್ತಿರ ಬಹಮನಿ ಕಾಲದ ಸುರಂಗ ಬಾವಿ ನೋಡಿದ್ದೀರಲ್ಲ? ಹದಿನೈದನೆಯ ಶತಮಾನದವರು ಸೂರ್ಯನ ಕಣ್ಣಿಗೆ ಬೀಳದಂತೆ ನೆಲದೊಳಗೆ ನೀರು ನಡೆಸಿದರು.

ಸರ್ಕಾರಕ್ಕೆ ಇದು ಗೊತ್ತಿಲ್ಲ ಎನ್ನುವಂತಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರುಗಳು ಬತ್ತಿದಾಗ ಅಲ್ಲಿಯ ಜಲಮಂಡಳಿ ಆಜ್ಞೆ ಹೊರಡಿಸಿತು: ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ, ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ, ಮತ್ತೆ ತಪ್ಪಿದರೆ ದಿನಕ್ಕೆ 500ರಂತೆ ಮೇಲೆ. ಒಳ್ಳೆಯ ಆಜ್ಞೆ. ಆ ತಿಂಗಳ ಕೊನೆಯ ವಾರದ ಹೊತ್ತಿಗೆ ದಂಡ ಬಿದ್ದದ್ದು 22 ಮನೆಗಳಿಗೆ, ವಸೂಲಾದದ್ದು 1 ಲಕ್ಷ 10 ಸಾವಿರ. ಕೋಟಿ ಜನರಿರುವ ಊರಲ್ಲಿ 22 ಮನೆ! ನಮ್ಮ ಒಂದು ಹಳ್ಳಿಯಲ್ಲಿ ಸಾಲ ವಸೂಲಿಯ ನೋಟೀಸು ಅದಕ್ಕಿಂತ ಹೆಚ್ಚು ಬರುತ್ತವೆ. 2025ರ ಫೆಬ್ರವರಿಯಲ್ಲಿ ಅದೇ ಆಜ್ಞೆ ಮತ್ತೆ ಬಂತು. ಬಿಸಿಲು ಬಂದಾಗ ಆಜ್ಞೆ, ಮಳೆ ಬಂದಾಗ ಮರೆವು.

ಲಾನಿನ ತವರೂರು ಎನ್ನಬಹುದಾದ ಅಮೆರಿಕ ಏನು ಮಾಡಿದೆ ನೋಡಿರಿ. ಅಲ್ಲಿ ನೀರು ಹಾಯಿಸಿ ಬೆಳೆಸುವ ಬೆಳೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಗೋಧಿಯಲ್ಲ, ಜೋಳವಲ್ಲ, ಅಂಗಳದ ಹುಲ್ಲು ಎಂದು 2005ರಲ್ಲಿ ನಾಸಾದ ವಿಜ್ಞಾನಿಗಳೇ ಅಂದಾಜು ಮಾಡಿದರು, ಸುಮಾರು 4 ಕೋಟಿ ಎಕರೆ. ನದಿ ಬತ್ತತೊಡಗಿದ ಮೇಲೆ ಅವರಿಗೂ ಎಚ್ಚರ ಬಂತು. ನೆವಾಡಾ ರಾಜ್ಯ 2021ರಲ್ಲಿ ಕಾಯ್ದೆ ಮಾಡಿ, ಲಾಸ್ ವೇಗಸ್ ಸುತ್ತಮುತ್ತ ಕಚೇರಿ, ಅಂಗಡಿ, ರಸ್ತೆ ಬದಿಯಲ್ಲಿ ಬರೀ ನೋಟಕ್ಕೆ ಬೆಳೆಸಿದ ಹುಲ್ಲಿಗೆ ಕೊಲೊರಾಡೊ ನದಿಯ ನೀರು ಬಿಡುವುದನ್ನು ನಿಲ್ಲಿಸಲು 2026ರ ಕೊನೆಯನ್ನು ಗಡುವಾಗಿ ಇಟ್ಟಿತು. ಮನೆಯ ಅಂಗಳವನ್ನು ಕಾಯ್ದೆ ಮುಟ್ಟಿಲ್ಲ, ಆದರೆ ಹುಲ್ಲು ಕಿತ್ತು ಹಾಕುವ ಮನೆಯವರಿಗೆ ಅಲ್ಲಿಯ ನೀರು ಸಂಸ್ಥೆಯೇ ಹಣ ಕೊಡುತ್ತದೆ. ಅವರು ಕಿತ್ತು ಹಾಕುತ್ತಿರುವುದನ್ನು ನಮ್ಮ ಸಾಹುಕಾರರು ಈಗ ಹಚ್ಚುತ್ತಿದ್ದಾರೆ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಬರಹಕ್ಕೆ ಬೆಲೆ ಇಲ್ಲ. ಆಟೋ ಸ್ಟಾರ್ಟರ್ ಹಾಕಿ, ಕಬ್ಬಿಗೆ ರಾತ್ರಿಯಿಡೀ ನೀರು ಬಿಟ್ಟು, ಬೆಳಿಗ್ಗೆ ನೀರು ರಸ್ತೆಗೆ ಹರಿದದ್ದನ್ನು ನೋಡುವವರು ನಮ್ಮಲ್ಲೂ ಇದ್ದಾರೆ. ಸಹಾಯಧನದ ಪೈಪನ್ನು ಮಾರಿಕೊಂಡವರೂ ಇದ್ದಾರೆ. ಓದುವಾಗ ಅವರಿಗೆ ತಮ್ಮ ಹೆಸರು ತಾವೇ ಕಾಣಲಿ. ಅಂಥವರು ಇರುವ ತನಕ ಪೇಟೆಯವರು ನಮ್ಮ ಬಾಯಿ ಮುಚ್ಚಿಸುತ್ತಾರೆ.

1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿದ್ದು ಯಾಕೆ? ಮಲಪ್ರಭಾ ಕಾಲುವೆಯ ನೀರು ಹೊಲ ಮುಟ್ಟಲಿ ಬಿಡಲಿ, ಅಭಿವೃದ್ಧಿ ಕರ ಕಟ್ಟು ಎಂದರು. ಬಾರದ ನೀರಿಗೂ ರೈತನಿಂದ ಕರ ಕೇಳಿದ ದೇಶವಿದು. ಬಂದ ನೀರನ್ನು ಹುಲ್ಲಿಗೆ ಚೆಲ್ಲುವವನಿಂದ ಕರ ಕೇಳಲು ಇಷ್ಟು ನಾಚಿಕೆ ಯಾಕೆ?

ನಾವು ಕೇಳುವುದು ದೊಡ್ಡದಲ್ಲ. ನೋಟದ ಹುಲ್ಲಿಗೆ ನಳದ ನೀರು ವರ್ಷವಿಡೀ ಬಂದ್ ಆಗಲಿ, ಬೆಂಗಳೂರಿನಲ್ಲಿ ಮಾತ್ರ ಅಲ್ಲ, ಬೀದರ್, ಕಲಬುರಗಿಯಲ್ಲೂ. ಹುಲ್ಲು ಬೇಕೇ ಬೇಕು ಎನ್ನುವವರು ಶುದ್ಧ ಮಾಡಿದ ಚರಂಡಿ ನೀರು ಕೊಂಡು ಹಾಕಲಿ. ಲಾನಿನ ಬೋರಿಗೆ ಮೀಟರ್ ಕೂಡಲಿ. ಹೊಲದ ಪಂಪಿಗೆ ಹಗಲು ತ್ರೀ ಫೇಸ್ ಬರಲಿ. ಬತ್ತಿದ ಬೋರಿನ ಖರ್ಚು ಬೆಳೆಯ ಬೆಲೆಯ ಲೆಕ್ಕದಲ್ಲಿ ಸೇರಲಿ.

ಇದಕ್ಕೆ ಕಾಗದ ಬೇಕು. ಮುಂದಿನ ಗ್ರಾಮಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಚೀಟಿ ಬರಕೊಂಡು ಬರ್ರಿ: ಎಷ್ಟು ಬೋರು ಹೊಡೆಸಿದೆ, ಯಾವ ವರ್ಷ, ಎಷ್ಟು ಅಡಿ, ಎಷ್ಟು ಇಂಚು ನೀರು ಬಿತ್ತು, ಯಾವಾಗ ಬತ್ತಿತು, ಎಷ್ಟು ಸಾಲ, ಎಷ್ಟು ತೀರಿತು. ಸುಳ್ಳು ಸೇರಿಸಬೇಡಿರಿ. ನನ್ನ ಅಕ್ಕನ ಮಗನ ಚೀಟಿ ನಾನೇ ಬರೆದಿದ್ದೇನೆ. ಅವನಿಗೆ ರಜೆ ಇಲ್ಲವಂತೆ, ಹುಲ್ಲಿಗೆ ನೀರು ಬಿಡಬೇಕಂತೆ.